ಸಂತ ಲೂಕರ ಹಬ್ಬ ಮತ್ತು ನಮ್ಮ ಆರೋಗ್ಯ ಕಾಲೇಜುಗಳು

ಅಕ್ಟೋಬರ್ 18ರಂದು ಧರ್ಮಸಭೆಯು ವೈದ್ಯರ ಪಾಲಕರಾದ ಸಂತ ಲೂಕರ ಹಬ್ಬವನ್ನು ಆಚರಿಸುತ್ತದೆ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಕರೆತಂದ ಸಮಾರಿಯದವನ ಸಾಮತಿಯನ್ನು ಬರೆದವರು ಅವರೊಬ್ಬರೇ. ಆ ಸಮಾರಿಯದವನನ್ನು ನಾವೆಲ್ಲ ನೆನೆಯುತ್ತೇವೆ. ಅವನು ಹೊರಟುಹೋದ ಮೇಲೆ ಆರೈಕೆ ಮುಂದುವರಿಸಬೇಕಾಗಿದ್ದ ಛತ್ರದವನು ಮಾತ್ರ ನಮಗೆ ಅಷ್ಟಾಗಿ ನೆನಪಾಗುವುದಿಲ್ಲ. ಮಕ್ಕಳ ವಿದ್ಯಾಭ್ಯಾಸದ ವಿಷಯದಲ್ಲೂ ಹೀಗೆಯೇ. ಆರೋಗ್ಯ ಸೇವೆ ಎಂದೊಡನೆ ಎಂಬಿಬಿಎಸ್ ಒಂದೇ ನಮ್ಮ ಕಣ್ಣಿಗೆ ಬೀಳುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕೊಂಡ್ಲಹಳ್ಳಿಯಂಥ ಊರಿನಲ್ಲಿ ನಿಂತು ಯೋಚಿಸೋಣ. ಮಳೆ ಕಡಿಮೆಯಿರುವ ನಾಡು. ಶೇಂಗಾ ಕೈಕೊಟ್ಟರೆ ವರ್ಷವೇ ಕೈಕೊಟ್ಟಂತೆ. ಇಲ್ಲಿ ಲಕ್ವ ಹೊಡೆದ ಅಜ್ಜನನ್ನು ಬಳ್ಳಾರಿಗೋ ಚಿತ್ರದುರ್ಗಕ್ಕೋ ಒಯ್ದು ಜೀವ ಉಳಿಸಿಕೊಂಡು ಬರಬಹುದು. ಮನೆಗೆ ಬಂದ ಮೇಲೆ? ಕೈಕಾಲಿಗೆ ವ್ಯಾಯಾಮ ಮಾಡಿಸಲು ಫಿಸಿಯೋಥೆರಪಿ ಕಲಿತವರು ಬೇಕು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಹೇಳಿಕೊಡಲು ದಾದಿ ಬೇಕು. ತೊದಲುವ ಮಾತನ್ನು ತಿದ್ದಲು ವಾಕ್ ಚಿಕಿತ್ಸಕರು ಬೇಕು. ಇವರು ಸಿಗದಿದ್ದರೆ, ಉಳಿದ ಜೀವ ಹಾಸಿಗೆಯಲ್ಲೇ ಸವೆಯುತ್ತದೆ.

ಇವರನ್ನೆಲ್ಲ ತಯಾರುಮಾಡುವ ಕಾಲೇಜುಗಳು ಹಿಂದೆ ಬೇರೆ ಬೇರೆ ವಿಶ್ವವಿದ್ಯಾನಿಲಯಗಳ ಕೈಕೆಳಗೆ ಹಂಚಿಹೋಗಿದ್ದವು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ವೈದ್ಯಕೀಯ, ದಂತ ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಆಯುರ್ವೇದ, ಹೋಮಿಯೋಪತಿ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಇಂದು ಅದಕ್ಕೆ ಸೇರಿದ ಕಾಲೇಜುಗಳ ಸಂಖ್ಯೆ ಸಾವಿರವನ್ನು ದಾಟಿದೆ. ಇದು ದೊಡ್ಡ ಬೆಳವಣಿಗೆ ನಿಜ. ಆದರೆ ಸಂಖ್ಯೆ ನೋಡಿ ಹಿಗ್ಗುವ ಮುನ್ನ ಈ ಬೆಳೆಯ ಬೇರನ್ನು ನೋಡುವುದು ಒಳ್ಳೆಯದು.

ಮಂಗಳೂರಿನ ಕಂಕನಾಡಿಗೆ ಹೋಗೋಣ. ಜರ್ಮನಿಯಿಂದ ಬಂದ ಯೇಸುಸಭೆಯ ಗುರು ಫಾದರ್ ಆಗಸ್ಟಸ್ ಮುಲ್ಲರ್ ಕಾಲೇಜಿನಲ್ಲಿ ಪಾಠ ಹೇಳಲು ನೇಮಕಗೊಂಡವರು. ಬಡ ರೋಗಿಗಳಿಗೆ ಹೋಮಿಯೋಪತಿ ಔಷಧ ಹಂಚುತ್ತ 1880ರಲ್ಲಿ ಔಷಧಾಲಯವನ್ನೇ ತೆರೆದರು. ಮುಂದಿನ ಕೆಲವೇ ವರ್ಷಗಳಲ್ಲಿ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅವರು ತೀರಿಕೊಂಡದ್ದು 1910ರಲ್ಲಿ. ಅವರ ಹೆಸರಿನ ಹೋಮಿಯೋಪತಿ ವೈದ್ಯಕೀಯ ಕಾಲೇಜು ಆರಂಭವಾದದ್ದು 1985ರಲ್ಲಿ, ವೈದ್ಯಕೀಯ ಕಾಲೇಜು 1999ರಲ್ಲಿ. ನರ್ಸಿಂಗ್, ಫಿಸಿಯೋಥೆರಪಿ, ವಾಕ್ ಮತ್ತು ಶ್ರವಣ ಶಿಕ್ಷಣವೂ ಅದೇ ಆವರಣದಲ್ಲಿ ಬೆಳೆದವು. ಲೆಕ್ಕ ಹಾಕಿ: ಮೊದಲ ರೋಗಿಗೂ ಮೊದಲ ಎಂಬಿಬಿಎಸ್ ವಿದ್ಯಾರ್ಥಿಗೂ ನಡುವೆ 119 ವರ್ಷಗಳ ಶುಶ್ರೂಷೆಯಿದೆ.

ಬೆಂಗಳೂರಿನ ಸಂತ ಜಾನ್ಸ್ ವೈದ್ಯಕೀಯ ಕಾಲೇಜಿನ ಕಥೆ ಬೇರೆ. ಆಸ್ಟ್ರೇಲಿಯಾದ ವೈದ್ಯೆ, ಕನ್ಯಾಸ್ತ್ರೀ ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದವರು. ಆ ಕಾಲದಲ್ಲಿ ಕನ್ಯಾಸ್ತ್ರೀಯರು ವೈದ್ಯವೃತ್ತಿ ಮಾಡಬೇಕಾದರೆ ರೋಮಿನ ವಿಶೇಷ ಅನುಮತಿಯೇ ಬೇಕಿತ್ತು. ಹೆರಿಗೆ ಮಾಡಿಸಲು ಎಲ್ಲ ಸಭೆಗಳ ಭಗಿನಿಯರಿಗೂ ದಾರಿ ತೆರೆದದ್ದು 1936ರಲ್ಲಿ. ಭಾರತದಲ್ಲೊಂದು ಕಥೋಲಿಕ ವೈದ್ಯಕೀಯ ಕಾಲೇಜು ಆಗಬೇಕೆಂಬುದು ಅವರ ಹಂಬಲವಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲೇ ನಿಧನರಾದರು. ಆರು ವರ್ಷಗಳ ತರುವಾಯ, 1963ರಲ್ಲಿ, ಭಾರತದ ಧರ್ಮಾಧ್ಯಕ್ಷರ ಮಂಡಳಿ ಈ ಕಾಲೇಜನ್ನು ತೆರೆಯಿತು. ಸ್ವಂತ ಆಸ್ಪತ್ರೆ ಸಿದ್ಧವಾದದ್ದು 1975ರಲ್ಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ರೋಗಿಗಳ ಬಳಿ ಕಲಿತದ್ದು ಸಂತ ಮಾರ್ತಾ ಆಸ್ಪತ್ರೆಯಲ್ಲಿ. ನಂತರ ನರ್ಸಿಂಗ್ ಕಾಲೇಜು ಬಂತು, 2004ರಲ್ಲಿ ಸಂಶೋಧನಾ ಸಂಸ್ಥೆ ಬಂತು. ನಮ್ಮ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಸಾಧನೆ ಇನ್ನೊಂದಿದೆ. ಪದವಿ ಮುಗಿಸಿದವರು ವೈದ್ಯರ ಕೊರತೆಯಿರುವ ಗ್ರಾಮೀಣ ಪ್ರದೇಶಗಳಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರನ್ನು ಆ ಕಾಲೇಜು ದಶಕಗಳಿಂದ ಉಳಿಸಿಕೊಂಡು ಬಂದಿದೆ.

ಇನ್ನು ನಮ್ಮ ಮನೆಗಳ ಮಾತು. ಎಂಬಿಬಿಎಸ್‌ಗೆ ನೀಟ್ ಪರೀಕ್ಷೆ ಬೇಕು. ಅಲ್ಲಿ ಸೀಟು ಸಿಗಲಿಲ್ಲವೆಂದು ಮಗಳು ಅಳುತ್ತ ಕೂರಬೇಕಿಲ್ಲ. ಜೀವಶಾಸ್ತ್ರದೊಂದಿಗೆ ಪಿಯುಸಿ ಓದಿದವರಿಗೆ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇದೆ, ಫಿಸಿಯೋಥೆರಪಿ ಇದೆ, ಪ್ರಯೋಗಾಲಯ ಮತ್ತು ಎಕ್ಸ್‌ರೇ ತಂತ್ರಜ್ಞರ ತರಬೇತಿಯೂ ಇದೆ. ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರೂ ಮೂರು ವರ್ಷಗಳ ಜಿಎನ್‌ಎಂ ಡಿಪ್ಲೊಮಾ ಸೇರಬಹುದು. ಹುಡುಗರೂ ದಾದಿಯರಾಗಬಹುದು, ಆಗುತ್ತಿದ್ದಾರೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ.

ಆದರೆ ಸಾವಿರ ಕಾಲೇಜುಗಳೂ ಒಂದೇ ತೂಕದವಲ್ಲ. ಏಜೆಂಟರ ಮಾತಿಗೆ ಮರುಳಾಗಿ, ಹೊಲ ಅಡವಿಟ್ಟು ಶುಲ್ಕ ಕಟ್ಟುವ ಮೊದಲು ತಂದೆತಾಯಿ ಖುದ್ದಾಗಿ ಹೋಗಿ ನೋಡಬೇಕು. ವಿಶ್ವವಿದ್ಯಾನಿಲಯದ ಮಾನ್ಯತೆ ಈ ವರ್ಷಕ್ಕೂ ಇದೆಯೇ? ನರ್ಸಿಂಗ್ ಆದರೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ? ವಿದ್ಯಾರ್ಥಿಗಳು ಯಾವ ಆಸ್ಪತ್ರೆಯಲ್ಲಿ ಕಲಿಯುತ್ತಾರೆ, ಅಲ್ಲಿ ನಿಜವಾಗಿ ರೋಗಿಗಳು ಇರುತ್ತಾರೆಯೇ? ರೋಗಿಗಳಿಲ್ಲದ ಕಡೆ ಶುಶ್ರೂಷೆ ಕಲಿಯುವುದೆಂದರೆ ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ. ಕಚೇರಿಯಲ್ಲಿ ಕೊಡುವ ಬಣ್ಣದ ಪುಸ್ತಿಕೆಯನ್ನು ಬದಿಗಿಟ್ಟು, ವಾರ್ಡಿಗೆ ಹೋಗಿ ಅಲ್ಲಿರುವ ಕೊನೆಯ ವರ್ಷದ ವಿದ್ಯಾರ್ಥಿನಿಯನ್ನು ಒಂದೈದು ನಿಮಿಷ ಮಾತನಾಡಿಸಿ ಬನ್ನಿ.