ಗುಡ್ಡದ ನಾಡಿನಲ್ಲಿ ಹವ್ಯಾಸಿ ಸೈಕಲ್ ಸವಾರ

(ಬಾನುಲಿ ಭಾಷಣ)

ನಮ್ಮ ಜಿಲ್ಲೆಯಲ್ಲಿ 'ಹವ್ಯಾಸಿ' ಎಂಬ ಮಾತು ಕಿವಿಗೆ ಬಿದ್ದೊಡನೆ ನೆನಪಾಗುವುದು ಯಕ್ಷಗಾನ. ಹಗಲಲ್ಲಿ ಶಾಲೆಯ ಪಾಠವನ್ನೋ ಬ್ಯಾಂಕಿನ ಲೆಕ್ಕವನ್ನೋ ತೋಟದ ಕೆಲಸವನ್ನೋ ಮುಗಿಸಿ, ರಾತ್ರಿ ಗೆಜ್ಜೆ ಕಟ್ಟಿ ರಂಗಕ್ಕೆ ಬರುವವನು ಹವ್ಯಾಸಿ. ಮೇಳದ ತಿರುಗಾಟದಿಂದಲೇ ಹೊಟ್ಟೆ ಹೊರೆಯುವವನು ವೃತ್ತಿ ಕಲಾವಿದ. ಸೈಕಲ್ ಸವಾರಿಯಲ್ಲಿಯೂ ಇಂತಹ ಎರಡು ವರ್ಗಗಳುಂಟು. ಯುರೋಪಿನಲ್ಲಿ ವೃತ್ತಿ ಸವಾರನೆಂದರೆ ಪಂದ್ಯಗಳಲ್ಲಿ ಸ್ಪರ್ಧಿಸಿ ಸಂಬಳ ಪಡೆಯುವವನು. ನಮ್ಮ ಪುತ್ತೂರು, ಸುಳ್ಯ, ಕಡಬಗಳಲ್ಲಿ ಬಹುಕಾಲ ಸೈಕಲನ್ನೇ ವೃತ್ತಿಯಾಗಿ ನಂಬಿದ್ದವನು ಬೇರೆಯೇ ಒಬ್ಬ. ಹಿಂದಿನ ಕ್ಯಾರಿಯರಿಗೆ ಮೀನಿನ ಬುಟ್ಟಿಯನ್ನು ಬಿಗಿದು, ರಬ್ಬರಿನ ಹಾರ್ನನ್ನು ಅದುಮುತ್ತ, ಬೆಳಗಿನ ಹೊತ್ತು ಊರಿಂದೂರಿಗೆ ಬರುತ್ತಿದ್ದ ವ್ಯಾಪಾರಿ ಅವನು. ಈಗ ಅವನ ಬುಟ್ಟಿ ಸ್ಕೂಟರನ್ನೋ ರಿಕ್ಷಾವನ್ನೋ ಏರಿದೆ. ಸೈಕಲು ಮಾತ್ರ ಕೈ ಬದಲಾಗಿ, ಅದರ ಅಗತ್ಯವೇ ಇಲ್ಲದ ನನ್ನಂತಹವರ ಪಾಲಿಗೆ ಬಂದಿದೆ.

ಅಗತ್ಯವಿಲ್ಲದೆ ಸೈಕಲ್ ತುಳಿಯುವುದೆಂದರೆ ನೋಡುವವರಿಗೆ ಅದೊಂದು ಒಗಟು. ಭಾನುವಾರ ಬೆಳಿಗ್ಗೆ ಕುಂಬ್ರದ ಕಡೆಯ ಹೋಟೆಲೊಂದರ ಮುಂದೆ ಬೆವರು ಒರೆಸುತ್ತ ಇಳಿದಾಗ, "ಎಂತ ಮಾಷ್ಟ್ರೇ, ಸ್ಕೂಟರು ಗ್ಯಾರೇಜಿಗೆ ಹೋಯಿತಾ?" ಎಂಬ ಪ್ರಶ್ನೆ ತಪ್ಪದು. ಇಲ್ಲ, ಸುಮ್ಮನೆ ಬಂದದ್ದು ಎಂದರೆ ಅವರು ನಂಬುವುದಿಲ್ಲ. ವೈದ್ಯರು ಹೇಳಿದ್ದಾರೆ ಎಂದರೆ ಒಡನೆ ನಂಬುತ್ತಾರೆ, ಕಾಫಿಗೆ ಸಕ್ಕರೆಯನ್ನೂ ಕಡಿಮೆ ಮಾಡುತ್ತಾರೆ!

ಈ ಮೂರು ತಾಲೂಕುಗಳಲ್ಲಿ ಸೈಕಲ್ ತುಳಿಯುವವನ ಏಳುಬೀಳುಗಳು ಮನಸ್ಸಿಗೆ ಸಂಬಂಧಿಸಿದವು ಮಾತ್ರವಲ್ಲ, ಮೊದಲಿಗೆ ನೆಲಕ್ಕೆ ಸಂಬಂಧಿಸಿದವು. ಮುರಕಲ್ಲಿನ ಗುಡ್ಡಗಳನ್ನು ತೊರೆಹೊಳೆಗಳು ಕೊರೆದು ಉಂಟಾದ ನಾಡು ಇದು. ಮೇಲೆ ಬಿಸಿಲಿಗೆ ಕಾದ ಪದವು, ಕೆಳಗೆ ಅಡಕೆಯ ತೋಟ, ಗದ್ದೆ, ತೋಡು. ರಸ್ತೆಯು ಪದವಿನಿಂದ ತೋಡಿಗೆ ಇಳಿದು, ಸಂಕವನ್ನು ದಾಟಿ, ಎದುರಿನ ಪದವಿಗೆ ಏರಬೇಕು. ಏರಿದೊಡನೆ ಮತ್ತೊಂದು ಇಳಿತ. ಸಮತಟ್ಟಾದ ಒಂದು ಮೈಲಿ ಸಿಕ್ಕಿತೆಂದರೆ ಅದು ಆ ದಿನದ ಭಾಗ್ಯ.

ಊರುಗಳ ಹೆಸರಿನಲ್ಲಿಯೇ ಈ ಏರಿಳಿತ ಅಡಗಿದೆ ಎಂಬುದು ಸೈಕಲ್ ಹಿಡಿದ ಮೇಲೆ ನನಗೆ ತಿಳಿಯಿತು. ಹಿಂದೆ ನಮ್ಮ ಜಿಲ್ಲೆಯ ಗದ್ದೆಗಳನ್ನು ನೀರಿನ ಅನುಕೂಲ ನೋಡಿ ಬೈಲು, ಮಜಲು, ಬೆಟ್ಟು ಎಂದು ಮೂರು ವಿಧವಾಗಿ ವಿಂಗಡಿಸಿದ್ದರು. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು, ನಡುಮಟ್ಟದ್ದು ಮಜಲು, ಮಳೆಯನ್ನೇ ನಂಬಿದ ಮೇಲಿನದು ಬೆಟ್ಟು. ಅಡ್ಕವೆಂದರೆ ಗುಡ್ಡದ ಮೇಲಿನ ಬಯಲು. ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಕುಂಬ್ರವಾದ ಮೇಲೆ ಆಮ್ಚಿನಡ್ಕ ಬರುತ್ತದೆ, ಕಾವು ಕಳೆದು ಮುಂದೆ ಕನಕಮಜಲು, ಆಮೇಲೆ ಜಾಲ್ಸೂರು. ಹೆಸರಿನ ಕೊನೆಯಲ್ಲಿ ಅಡ್ಕವಿದ್ದರೆ ಮೊದಲೊಂದು ಏರು ಕಾದಿರಬಹುದು, ಬೈಲು ಇದ್ದರೆ ಇಳಿತ ಎಂದು ನಾನು ಊಹಿಸುತ್ತೇನೆ. ಎಲ್ಲ ಕಡೆಯೂ ಈ ಊಹೆ ನಿಲ್ಲದು. ಆದರೂ ಬಸ್ಸಿನಲ್ಲಿ ಮೂವತ್ತು ವರ್ಷ ಓಡಾಡಿದಾಗ ಹೊಳೆಯದೆ ಇದ್ದದ್ದು ಮೊಣಕಾಲು ನೋಯತೊಡಗಿದ ಮೇಲೆ ಹೊಳೆಯಿತು.

ದೂರದಿಂದ ಬಂದವರು ಸಂಪಾಜೆಯ ಘಟ್ಟವನ್ನು ಕಂಡು ಬೆರಗಾಗುತ್ತಾರೆ. ಸಂಪಾಜೆಯಿಂದ ಮಡಿಕೇರಿಗೆ ರಸ್ತೆಯ ದೂರ ಸುಮಾರು 27 ಕಿಲೋಮೀಟರು, ಏರಬೇಕಾದ ಎತ್ತರ ಹತ್ತಿರ ಹತ್ತಿರ 1000 ಮೀಟರು. ಕೇಳುವುದಕ್ಕೆ ಭಯಂಕರ. ಆದರೆ ಘಟ್ಟದ ಏರಿಗೆ ಒಂದು ಹದವಿದೆ. ಅದು ಸರಾಸರಿಯಲ್ಲಿ ನೂರು ಮೀಟರಿಗೆ ನಾಲ್ಕು ಮೀಟರಿನಷ್ಟು ಮಾತ್ರ ಏರುತ್ತದೆ, ಉಸಿರು ಒಂದು ಲಯಕ್ಕೆ ಬರುತ್ತದೆ, ಏರಿದ್ದು ಏರಿದ ಹಾಗೆಯೇ ಉಳಿಯುತ್ತದೆ. ನಮ್ಮ ಸಣ್ಣ ಗುಡ್ಡಗಳು ಹಾಗಲ್ಲ. ಪುತ್ತೂರಿನಿಂದ ಸುಳ್ಯ, ಅಲ್ಲಿಂದ ಗುತ್ತಿಗಾರಿನ ಮೂಲಕ ಸುಬ್ರಹ್ಮಣ್ಯ, ಮತ್ತೆ ಕಡಬ, ಉಪ್ಪಿನಂಗಡಿಗಳ ಮೇಲಾಗಿ ಪುತ್ತೂರು ಎಂದು ಒಂದು ಸುತ್ತು ಹೊಡೆದರೆ ಸುಮಾರು 130 ಕಿಲೋಮೀಟರು ಆದೀತು. ದಾರಿಯ ಒಂದೊಂದು ಏರು 40 ಮೀಟರು ಎಂದಿಟ್ಟುಕೊಳ್ಳಿ. ಇಪ್ಪತ್ತೈದು ಏರುಗಳಾದರೆ 1000 ಮೀಟರು. ಅಂದರೆ ಮಡಿಕೇರಿಯನ್ನು ಏರಿದಷ್ಟೇ ದಣಿದು, ಸಂಜೆ ಹೊರಟಲ್ಲಿಗೇ ಬಂದು ನಿಂತಿರುತ್ತೇವೆ. ತೋರಿಸುವುದಕ್ಕೆ ಮಂಜೂ ಇಲ್ಲ, ಕಾಫಿ ತೋಟವೂ ಇಲ್ಲ!

ಏರಿದ್ದಕ್ಕೆ ಇಳಿತ ಇದ್ದೇ ಇದೆಯಲ್ಲ, ಲೆಕ್ಕ ಚುಕ್ತಾ ಆಗಬೇಡವೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಇಳಿತದಲ್ಲಿ ದೊರೆತ ವೇಗವನ್ನು ಹಾಗೆಯೇ ಉಳಿಸಿಕೊಂಡು ಎದುರಿನ ಏರಿಗೆ ನುಗ್ಗಲು ಸಾಧ್ಯವಿದ್ದರೆ ಅರ್ಧ ದಾರಿ ಪುಕ್ಕಟೆಯಾಗುತ್ತಿತ್ತು. ಆದರೆ ನಮ್ಮ ಒಳರಸ್ತೆಗಳಲ್ಲಿ ಇಳಿತದ ಬುಡದಲ್ಲಿಯೇ ಒಂದು ತಿರುವು, ತಿರುವಿನಲ್ಲಿ ಅಗಲ ಕಿರಿದಾದ ಸಂಕ, ಸಂಕದ ಮೇಲೆ ಎದುರಿನಿಂದ ಬರುವ ಜೀಪು. ಗಳಿಸಿದ ವೇಗವೆಲ್ಲವನ್ನೂ ಅಲ್ಲಿ ಬ್ರೇಕಿಗೆ ಒಪ್ಪಿಸಬೇಕು. ಒಪ್ಪಿಸಿದ್ದು ರಿಮ್ಮಿನಲ್ಲಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮುಂದಿನ ಏರನ್ನು ಬರಿಗೈಯಲ್ಲಿ ಆರಂಭಿಸಬೇಕು.

ಏರಿನಲ್ಲಿ ನಡೆಯುವುದೇನು? ಹಳೆಯ ಕಾಲದ ಕಪ್ಪು ಸೈಕಲನ್ನೇ ತೆಗೆದುಕೊಳ್ಳೋಣ. ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18. ಪೆಡಲನ್ನು ಒಂದು ಸುತ್ತು ತುಳಿದರೆ ಗಾಡಿ ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತದೆ. ನೂರು ಮೀಟರಿಗೆ ಎಂಟು ಮೀಟರು ಏರುವ ಚಡಾವಿನಲ್ಲಿ ಆ ಒಂದು ಸುತ್ತಿಗೆ ಸವಾರನೂ ಸೈಕಲೂ ಸೇರಿದ 80 ಕಿಲೋ ಭಾರವನ್ನು 44 ಸೆಂಟಿಮೀಟರು ಎತ್ತಬೇಕಾಗುತ್ತದೆ. ನಾಲ್ಕು ಸುತ್ತಿಗೆ ತೊಡೆ ಉರಿಯುತ್ತದೆ, ಹತ್ತು ಸುತ್ತಿಗೆ ಗಾಡಿ ನಿಲ್ಲುತ್ತದೆ. ಈಗಿನ ಗೇರಿನ ಸೈಕಲಿನಲ್ಲಿ ಮುಂದೆ 28, ಹಿಂದೆ 32 ಹಲ್ಲುಗಳ ಜೋಡಿಗೆ ಚೈನನ್ನು ದಾಟಿಸಿದರೆ ಒಂದು ಸುತ್ತಿಗೆ ಎರಡು ಮೀಟರಿಗಿಂತಲೂ ಕಡಿಮೆ ದೂರ. ಎತ್ತಬೇಕಾದದ್ದು ಮೂರನೆಯ ಒಂದು ಪಾಲು, ತುಳಿಯಬೇಕಾದ ಸುತ್ತುಗಳು ಮೂರು ಪಟ್ಟು. ಒಟ್ಟು ಕೆಲಸ ಕಡಿಮೆಯಾಗಲಿಲ್ಲ. ದೊಡ್ಡ ಸಾಲವನ್ನು ಸಣ್ಣ ಕಂತುಗಳಲ್ಲಿ ತೀರಿಸಿದಂತೆ ಅಷ್ಟೆ.

ಈ ಗೇರಿನ ಚರಿತ್ರೆಯಲ್ಲಿ ಹವ್ಯಾಸಿಗೆ ಅಭಿಮಾನಪಡುವಂತಹ ಒಂದು ಅಧ್ಯಾಯವಿದೆ. ಫ್ರಾನ್ಸಿನ ಸಾಂತ್ ಎತಿಯೆನ್ ಎಂಬ ಗುಡ್ಡಗಾಡಿನ ಪಟ್ಟಣದಲ್ಲಿ ಪಾಲ್ ದ ವಿವಿ ಎಂಬವರಿದ್ದರು. 'ವೆಲೋಸಿಯೋ' ಎಂಬುದು ಅವರ ಲೇಖನನಾಮ. 1887ರಲ್ಲಿ ಸೈಕಲಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಬೆಟ್ಟದ ನಾಡಿನ ಸವಾರನಿಗೆ ಹಲವು ಗೇರುಗಳು ಬೇಕೇ ಬೇಕೆಂದು ಜೀವಮಾನವಿಡೀ ವಾದಿಸಿದರು, ತಾವೇ ತುಳಿದು ತೋರಿಸಿದರು. ವೃತ್ತಿ ಪಂದ್ಯಗಳವರಿಗೆ ಅದು ರುಚಿಸಲಿಲ್ಲ. ಗೇರು ಬಳಸುವುದು ದುರ್ಬಲರ ಲಕ್ಷಣವೆಂಬ ಭಾವನೆ ಅಲ್ಲಿತ್ತು. ಜಗತ್ಪ್ರಸಿದ್ಧವಾದ 'ಟೂರ್ ದ ಫ್ರಾನ್ಸ್' ಪಂದ್ಯದಲ್ಲಿ ಚೈನನ್ನು ದಾಟಿಸುವ ಗೇರಿಗೆ ಅನುಮತಿ ದೊರೆತದ್ದು 1937ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ ವೆಲೋಸಿಯೋ ತೀರಿಕೊಂಡಿದ್ದರು. ಅಷ್ಟು ಬೆಟ್ಟಗಳನ್ನು ಹತ್ತಿಳಿದ ಮನುಷ್ಯ ತನ್ನ ಊರಿನ ಬೀದಿಯಲ್ಲಿಯೇ ಟ್ರಾಮಿಗೆ ಸಿಕ್ಕಿ ಸತ್ತರು.

ನಮ್ಮ ಮೀನಿನ ವ್ಯಾಪಾರಿಗೆ ಗೇರಿರಲಿಲ್ಲ, ವೆಲೋಸಿಯೋ ಗೊತ್ತಿರಲಿಲ್ಲ. ಏರು ಬಂದೊಡನೆ ಯಾವ ಸಂಕೋಚವೂ ಇಲ್ಲದೆ ಇಳಿದು ನೂಕುತ್ತಿದ್ದ. ಬುಟ್ಟಿ ತುಂಬಿರುವಾಗ ದಿನವೂ ಅದೇ ದಾರಿ ಸವೆಸುವವನು ಮಾಡುವ ಲೆಕ್ಕ ಅದು. ಇಳಿದು ನೂಕಲು ನಾಚುವವರು ಹವ್ಯಾಸಿಗಳಾದ ನಾವೇ. ಹಿಂದೆ ಯಾರೋ ಬರುತ್ತಿದ್ದಾರೆಂಬ ಒಂದೇ ಕಾರಣಕ್ಕೆ ಹಲ್ಲು ಕಚ್ಚಿ ತುಳಿದು ಮೊಣಕಾಲು ಕೆಡಿಸಿಕೊಂಡವರನ್ನು ನಾನು ಬಲ್ಲೆ. ಮಾತಾಡುತ್ತ ಏರಲು ಸಾಧ್ಯವಾಗುವಷ್ಟು ವೇಗ ಸಾಕು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎರಡು ಸಲ ಏದುಸಿರು ಬಂದರೆ ಇಳಿಯುವುದೇ ಲೇಸು, ವಯಸ್ಸು ಐವತ್ತು ದಾಟಿದವರಿಗಂತೂ.

ಹೊಟ್ಟೆಯ ವಿಷಯವನ್ನು ಹಗುರವಾಗಿ ಎಣಿಸಬಾರದು. ಸ್ನಾಯುಗಳಿಗೆ ಬೇಕಾದ ಸಕ್ಕರೆಯ ಅಂಶವನ್ನು ದೇಹ ಸುಮಾರು ಅರ್ಧ ಕಿಲೋದಷ್ಟು ಮಾತ್ರ ಕೂಡಿಡಬಲ್ಲದು. ಬಿರುಸಾಗಿ ತುಳಿದರೆ ಎರಡು ಮೂರು ಗಂಟೆಗಳಲ್ಲಿ ಅದು ಬರಿದಾಗುತ್ತದೆ. ಆಗ ಕಾಲು ಸೀಸದಂತಾಗಿ, ಕಣ್ಣು ಮಂಜಾಗಿ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕೆಂಬ ನಿಯಮವನ್ನು ವೆಲೋಸಿಯೋ ಅಂದೇ ಬರೆದಿಟ್ಟಿದ್ದರು. ಸಂಪಾಜೆಯಿಂದ ಮಡಿಕೇರಿಗೆ 80 ಕಿಲೋ ಭಾರವನ್ನು ಏರಿಸುವುದಕ್ಕೆ ದೇಹವು ಖರ್ಚು ಮಾಡುವುದು 750 ಕ್ಯಾಲೊರಿಯ ಆಸುಪಾಸು. ಇಡ್ಲಿಯ ಲೆಕ್ಕದಲ್ಲಿ ಒಂದು ಡಜನ್. ತಿಂದದ್ದರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ ಪೆಡಲಿಗೆ ತಲಪುತ್ತದೆ. ಉಳಿದದ್ದು ಮೈಯ ಬಿಸಿ. ನಮ್ಮ ಸೆಕೆಯಲ್ಲಿ ಆ ಬಿಸಿಯನ್ನು ಕಳೆಯಲು ಬೆವರು ಸುರಿಯುತ್ತದೆ, ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ದಾರಿಬದಿಯ ಬೊಂಡ, ಹೊರಡುವ ಮೊದಲು ಒಂದು ಬಟ್ಟಲು ಗಂಜಿ ಇವು ಇಲ್ಲಿಯ ಹವೆಗೆ ಹೇಳಿ ಮಾಡಿಸಿದವು.

ಇಳಿತವೆಂದರೆ ಸುಖವೆಂದು ತಿಳಿದಿದ್ದ ಕಾಲ ನನಗೂ ಇತ್ತು. ಒಂದು ಆಗಸ್ಟ್ ತಿಂಗಳ ಬೆಳಿಗ್ಗೆ ಮಳೆ ಬಿಟ್ಟಿತ್ತು. ಬ್ರೇಕಿನ ರಬ್ಬರು ಸವೆದಿರುವುದನ್ನು ಹಿಂದಿನ ವಾರವೇ ನೋಡಿದ್ದೆ. ಈ ಭಾನುವಾರ ಕಳೆಯಲಿ ಎಂದು ಮುಂದೂಡಿದ್ದೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಹಿಡಿಯುವುದೇ ಇಲ್ಲ. ಒಣ ದಿನದಲ್ಲಿ ನಿಲ್ಲುವುದಕ್ಕೆ ಬೇಕಾದ ದೂರದ ಹಲವು ಪಟ್ಟು ಬೇಕು. ರಸ್ತೆಯ ಅಂಚಿನಲ್ಲಿ ಪಾಚಿ, ತಿರುವಿನಲ್ಲಿ ಗಾಳಿಗೆ ಬಿದ್ದ ಅಡಕೆಯ ಸೋಗೆ. ಬ್ರೇಕನ್ನು ಒತ್ತಿದೆ, ಏನೂ ಆಗಲಿಲ್ಲ. ಇನ್ನೂ ಒತ್ತಿದೆ. ಮುಂದಿನ ಚಕ್ರ ಸೋಗೆಯ ಮೇಲೆ ಜಾರಿದ್ದಷ್ಟೇ ನೆನಪು. ಎಡಗಡೆಯ ಕೊರಳೆಲುಬು ಮುರಿದಿತ್ತು. ಸೈಕಲಿನಿಂದ ಬಿದ್ದವರಲ್ಲಿ ಬಹಳ ಮಂದಿಗೆ ಮುರಿಯುವ ಎಲುಬು ಅದೇ ಎಂದು ವೈದ್ಯರು ಸಮಾಧಾನ ಹೇಳಿದರು. ಆರು ವಾರ ಕೈಯನ್ನು ಜೋಳಿಗೆಯಲ್ಲಿ ತೂಗುಹಾಕಿಕೊಂಡು ಜಗಲಿಯಲ್ಲಿ ಕುಳಿತೆ. ನೋಡಲು ಬಂದವರಿಗೆಲ್ಲ ಚಹಾ ಮಾಡಿಕೊಟ್ಟ ಮನೆಯವಳು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ನಾಲ್ಕನೆಯ ವಾರ, "ಅದನ್ನು ಯಾರಿಗಾದರೂ ಕೊಟ್ಟುಬಿಡುವ" ಎಂದಳು. ನಾನು ಉತ್ತರ ಕೊಡಲಿಲ್ಲ.

ಆ ಆರು ವಾರಗಳಲ್ಲಿ ಇನ್ನೊಂದು ವಿಚಾರವನ್ನೂ ಮಾಡಿದೆ. ಅಪಾಯ ನನ್ನ ಆಲಸ್ಯದಲ್ಲಿ ಮಾತ್ರ ಇರಲಿಲ್ಲ. ಹೆದ್ದಾರಿಯಲ್ಲಿ ಡಾಮರಿನ ಅಂಚು ಮಳೆಗಾಲ ಕಳೆಯುವಾಗ ಮಣ್ಣಿನಿಂದ ಗೇಣುದ್ದ ಮೇಲಿರುತ್ತದೆ. ಹಿಂದಿನಿಂದ ಲಾರಿ ಬಂದರೆ ಸವಾರ ಇಳಿಯಲೂ ಆರ, ನಿಲ್ಲಲೂ ಆರ. ಘಟ್ಟದಲ್ಲಿ ಗುಡ್ಡವೇ ಜರಿದೀತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಭೂಕುಸಿತವಾಗಿ ಮಡಿಕೇರಿಯ ರಸ್ತೆಯೇ ಕಡಿದುಹೋಗಿತ್ತು. ಕಡಬದ ಕಡೆ ಹೊಸ್ಮಠದ ಹಳೆಯ ತಗ್ಗು ಸೇತುವೆ ಮಳೆಗಾಲದಲ್ಲಿ ಮುಳುಗಿ ದಾರಿ ಕಟ್ಟುತ್ತಿತ್ತು, ಈಗ ಎತ್ತರದ ಸೇತುವೆಯಾಗಿ ಆ ಚಿಂತೆ ತಪ್ಪಿದೆ. ಆದರೆ ಕಾಡಿನ ಅಂಚಿನ ಭಯ ಹೆಚ್ಚಿದೆ. 2023ರ ಫೆಬ್ರವರಿಯಲ್ಲಿ ಕಡಬದ ಸಮೀಪದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಅವರು ವಿನೋದಕ್ಕೆ ಹೊರಟವರಲ್ಲ. ಆ ದಾರಿಗಳಲ್ಲಿ ಚೆನ್ನಾಗಿ ಬೆಳಕು ಹರಿಯುವ ಮೊದಲು ಸೈಕಲ್ ಇಳಿಸುವ ಹಕ್ಕು ಹವ್ಯಾಸಿಗೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಇದ್ದೂ ಏಕೆ ಹೋಗಬೇಕು? ಈಗ ದೇಶದ ಹಲವೆಡೆ ನಡೆಯುವ 'ಬ್ರೆವೆ' ಎಂಬ ದೂರ ಸವಾರಿಗಳ ಕ್ರಮ ನನಗೆ ಹಿಡಿಸಿದೆ. ಇದೂ ಫ್ರಾನ್ಸಿನಿಂದಲೇ ಬಂದದ್ದು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ ಇಪ್ಪತ್ತು ಗಂಟೆ. ಊಟ, ವಿಶ್ರಾಂತಿ, ಪಂಕ್ಚರು ಎಲ್ಲವೂ ಅದರೊಳಗೇ. ಅವಧಿಯೊಳಗೆ ಮುಗಿಸಿದವರಲ್ಲಿ ಮೊದಲಿಗ, ಕೊನೆಯವನೆಂಬ ಭೇದವಿಲ್ಲ, ಬಹುಮಾನವಿಲ್ಲ. ಗಂಟೆಗೆ ಹದಿನೈದು ಕಿಲೋಮೀಟರಿನ ಸರಾಸರಿ ಸಾಕು. ನಮ್ಮ ಪದವು ತೋಡುಗಳ ನಡುವೆ ಆ ಹದಿನೈದನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಬೇರೆ ಮಾತು. ನಾನು ಇನ್ನೂ 200ನ್ನು ಮುಗಿಸಿದವನಲ್ಲ. ಒಮ್ಮೆ 160ಕ್ಕೆ ಕೈಬಿಟ್ಟು, ಸೈಕಲನ್ನು ಪಿಕಪ್ ವ್ಯಾನಿನಲ್ಲಿ ಹಾಕಿಕೊಂಡು ಬಂದೆ.

ಕೈ ಸರಿಹೋದ ಮೇಲೆ ಮೊದಲ ಸಲ ಹೊರಟದ್ದು ಡಿಸೆಂಬರಿನಲ್ಲಿ. ತೋಟಗಳ ಮೇಲೆ ಮಂಜು ಇನ್ನೂ ಕವಿದಿತ್ತು. ಪ್ರತಿ ಇಳಿತದಲ್ಲಿಯೂ ಬೆರಳುಗಳು ಬ್ರೇಕಿನ ಮೇಲೆಯೇ ಇದ್ದವು. ನಡುದಾರಿಯ ಒಂದು ಏರಿನಲ್ಲಿ ಇಳಿದು ನೂಕಿದೆ. ಅಂಗಡಿಯ ಜಗಲಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು, ಹಿಂದೆ ಇದೇ ದಾರಿಯಲ್ಲಿ ಮೀನು ಮಾರುತ್ತಿದ್ದವರಂತೆ, ಸೈಕಲನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇಷ್ಟು ಗೇರು ಉಂಟಲ್ಲ, ಮತ್ತೂ ನೂಕುವುದಾ ಮಾರಾಯ್ರೇ?" ಎಂದು ನಕ್ಕರು. ನಾನೂ ನಕ್ಕೆ.

ಸೈಕಲನ್ನು ಯಾರಿಗೂ ಕೊಡಲಿಲ್ಲ. ಆದರೆ ಮನೆಯಲ್ಲಿ ಒಂದು ಕರಾರು ಆಗಿದೆ. ಭಾನುವಾರ ಹೊರಡುವ ಮೊದಲು ಮಗಳು ಅಂಗಳಕ್ಕೆ ಬಂದು ಎರಡೂ ಬ್ರೇಕುಗಳನ್ನು ಹಿಡಿದು, ಗಾಡಿಯನ್ನು ಮುಂದಕ್ಕೆ ತಳ್ಳಿ ನೋಡುತ್ತಾಳೆ. ಚಕ್ರ ಕದಲಿದರೆ ಆ ವಾರ ಗೇಟು ತೆರೆಯುವುದಿಲ್ಲ.