ಪ್ಯಾರಿಸೈಟ್: ಅಪರೂಪದ ಹರಳು, ಆದರೆ ಉಂಗುರಕ್ಕೆ ಸೂಕ್ತವೇ?

‘ಅಪರೂಪದ ಖನಿಜ’ ಎಂದ ಕೂಡಲೇ ಬೆಲೆಬಾಳುವ ರತ್ನವೇ ಇರಬೇಕು ಎಂದುಕೊಳ್ಳುತ್ತೇವೆ. ಕಂದು ಬಣ್ಣದ ಪ್ಯಾರಿಸೈಟ್ ಹರಳಿನ ಬಗ್ಗೆ ಫಾರ್ವರ್ಡ್ ಮಾಡುವ ಮೊದಲು ಇಷ್ಟು ತಿಳಿದಿರಲಿ.

ಇದು ಪ್ಯಾರಿಸ್ ನಗರದ್ದೇ?
ಅಲ್ಲ. ಇದು ಮೊದಲು ಸಿಕ್ಕಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ, ಮೂಸೋ ಪಚ್ಚೆ ಗಣಿಯಲ್ಲಿ. ಆ ಗಣಿ ನಡೆಸುತ್ತಿದ್ದ ಜೆ.ಜೆ. ಪ್ಯಾರಿಸ್ ಅವರ ಹೆಸರನ್ನೇ ಇದಕ್ಕೆ ಇಡಲಾಗಿದೆ. ಜರ್ಮನಿಯ ರಸಾಯನ ವಿಜ್ಞಾನಿ ರಾಬರ್ಟ್ ಬುನ್ಸೆನ್ 1845ರಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದರು.

ಒಳಗೆ ಏನಿದೆ?
ಸೀರಿಯಂ, ಲ್ಯಾಂಥನಂ, ನಿಯೋಡಿಮಿಯಂನಂಥ ‘ವಿರಳ ಭೂಧಾತು’ಗಳು. ಜೊತೆಗೆ ಕ್ಯಾಲ್ಸಿಯಂ, ಕಾರ್ಬೊನೇಟ್ ಮತ್ತು ಫ್ಲೋರಿನ್. ಹೆಸರಿನಲ್ಲಿ ವಿರಳ ಎಂದಿದ್ದರೂ ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಅದು ಚದುರಿಹೋಗಿದೆ. ತೆಗೆದರೆ ಲಾಭವಾಗುವಷ್ಟು ಒಂದೇ ಕಡೆ ಸಿಗುವುದು ಕಡಿಮೆ. ಅಂದರೆ ಇಲ್ಲಿ ನಿಜಕ್ಕೂ ಅಪರೂಪವಾಗಿರುವುದು ಸೀರಿಯಂ ಅಲ್ಲ, ಪ್ಯಾರಿಸೈಟ್ ಹರಳು.

ಉಂಗುರಕ್ಕೆ ಹಾಕಿಸಬಹುದೇ?
ದಿನವೂ ಧರಿಸುವ ಉಂಗುರಕ್ಕೆ ಬೇಡ. ಮೋಸ್ ಅಳತೆಯಲ್ಲಿ ವಜ್ರದ ಗಡಸುತನ 10, ಪ್ಯಾರಿಸೈಟ್‌ನದು ಸುಮಾರು 4.5. ಧೂಳಿನಲ್ಲಿರುವ ಮರಳಿನ ಕಣದ್ದು 7. ಹಾಗಾಗಿ ಧೂಳು ಒರೆಸಿದರೂ ಹರಳಿನ ಮೇಲೆ ಗೀರು ಬೀಳಬಹುದು. ಕಾರ್ಬೊನೇಟ್ ಆಗಿರುವುದರಿಂದ ಆಮ್ಲದಲ್ಲಿ ನಿಧಾನವಾಗಿ ಕರಗುತ್ತದೆ ಕೂಡ.

ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ?
ಮನೆಯಲ್ಲಿ ಆಸಿಡ್ ಹಾಕಿ ನೋಡಬೇಡಿ: ಕೈಗೆ ಅಪಾಯ, ಕಲ್ಲಿಗೂ ನಷ್ಟ. ರತ್ನ ಪರೀಕ್ಷಾ ಪ್ರಯೋಗಾಲಯದಲ್ಲಿ ಹರಳಿನೊಳಗಿಂದ ಬೆಳಕು ಹಾಯಿಸಿ, ನಿಯೋಡಿಮಿಯಂ ಮೂಡಿಸುವ ಕಪ್ಪು ಗೆರೆಗಳನ್ನು ನೋಡುತ್ತಾರೆ. ಹಣ ಕೊಡುವ ಮೊದಲು ಆ ವರದಿ ಕೇಳಿ.