ಪ್ರಾರ್ಥನೆ ಬೇಡಿಕೆಯ ಪಟ್ಟಿಯೇ?

"ಪ್ರಾರ್ಥನೆ ಮಾಡಲಿಕ್ಕೆ ನಮಗೆಲ್ಲಿ ಪುರುಸೊತ್ತು?" ನಮ್ಮ ಜೋರಾಪುರ ಪೇಟೆಯ ಗೆಳತಿಯರು ಹೀಗೆ ಕೇಳುವುದುಂಟು. ಬೆಳಗಾದರೆ ನೀರು ತುಂಬಬೇಕು, ರೊಟ್ಟಿ ಬಡಿಯಬೇಕು, ಮಕ್ಕಳ ಡಬ್ಬಿ ಕಟ್ಟಬೇಕು. ನಿಜವೇ. ಆದರೆ ಯೇಸುಸ್ವಾಮಿಗಾದರೂ ಪುರುಸೊತ್ತು ಎಲ್ಲಿತ್ತು? ಕಪೆರ್ನೌಮಿನಲ್ಲಿ ಸಂಜೆಯೆಲ್ಲ ರೋಗಿಗಳು ಬಾಗಿಲಿಗೆ ಮುತ್ತಿದ್ದರು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆ ಹೋಗಿ ಆತನು ಪ್ರಾರ್ಥಿಸಿದನೆಂದು ಮಾರ್ಕನು ಬರೆದಿದ್ದಾನೆ. ಕೆಲಸ ಹೆಚ್ಚಾದಷ್ಟೂ ಪ್ರಾರ್ಥನೆ ಬೇಕು ಎಂದಾಯಿತು, ಅಲ್ಲವೇ?

ನಾವು ಪ್ರಾರ್ಥನೆಯನ್ನು ಕಿರಾಣಿ ಚೀಟಿಯಂತೆ ಮಾಡಿಬಿಟ್ಟಿದ್ದೇವೆ. ಅದು ಕೊಡು, ಇದು ಕೊಡು, ಕೊಡದಿದ್ದರೆ ಸಿಟ್ಟು. ಹನ್ನಳ ಕಥೆ ನೆನಪಿಸಿಕೊಳ್ಳಿ. ಮಕ್ಕಳಿಲ್ಲದ ಆಕೆ ಸದ್ದಿಲ್ಲದೆ ತುಟಿ ಅಲುಗಿಸುತ್ತ ಅತ್ತಳು. ಯಾಜಕನಾದ ಏಲಿ ಕುಡಿದಿದ್ದಾಳೆಂದು ತಿಳಿದ. ಮಗ ಸಮುವೇಲ ಹುಟ್ಟಿದ್ದು ಆಮೇಲೆ. ಆದರೆ ಎದೆಯ ಭಾರ ಇಳಿಸಿ ಎದ್ದ ದಿನವೇ ಆಕೆ ಊಟ ಮಾಡಿದಳು, ಮುಖದ ದುಃಖ ಹೋಯಿತು. ಮಗುವಿಗಿಂತ ಮೊದಲು ಸಮಾಧಾನ ಸಿಕ್ಕಿತು.

ನನ್ನದೇ ಮಾತು ಹೇಳುತ್ತೇನೆ. ಅವ್ವ ತೀರಿಹೋದ ಮೇಲೆ ಆಕೆಯ ಎರಡು ಬಳೆಗಳ ಸಲುವಾಗಿ ನನಗೂ ತಂಗಿಗೂ ಮಾತು ನಿಂತಿತು. ಎರಡು ವರ್ಷ! "ದೇವರೇ, ಅವಳ ಮನಸ್ಸು ತಿರುಗಿಸು" ಅಂತ ದಿನಾ ಬೇಡುತ್ತಿದ್ದೆ. ಒಂದು ರಾತ್ರಿ ಕರ್ತನ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬರುತ್ತಲೇ ನಾಲಿಗೆ ತಡವರಿಸಿತು. ನಾನು ಕ್ಷಮಿಸದೆ, ನನಗೆ ಕ್ಷಮೆ ಕೇಳುವುದು ಹ್ಯಾಂಗ? ಅಂದಿನಿಂದ "ನನ್ನ ಮನಸ್ಸು ತಿರುಗಿಸು" ಎಂದು ಬೇಡಿದೆ. ಧೈರ್ಯ ಬರಲು ಮತ್ತೂ ಒಂದು ವಾರ ಹಿಡಿಯಿತು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ. ಬಾಗಿಲು ತೆರೆದಳು, ನಗಲಿಲ್ಲ. ಮೂರನೆಯ ಸಲ ಹೋದಾಗ ಚಹಾ ಇಟ್ಟಳು. ಬಳೆ ಇವತ್ತಿಗೂ ಅವಳ ಕೈಯಲ್ಲೇ ಇವೆ. ಕಂಡಾಗ ಒಮ್ಮೊಮ್ಮೆ ಚುರ್ ಅನ್ನುತ್ತದೆ, ಸುಳ್ಳು ಯಾಕೆ ಹೇಳಲಿ? ಆದರೆ ಹಬ್ಬಕ್ಕೆ ಇಬ್ಬರೂ ಕೂಡಿಯೇ ಅಡಿಗೆ ಮಾಡುತ್ತೇವೆ.

ಒಬ್ಬರೇ ಪ್ರಾರ್ಥಿಸುವಂತೆ ಕೂಡಿ ಪ್ರಾರ್ಥಿಸುವುದಕ್ಕೂ ಬಲವಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1885ರಲ್ಲಿ ನಮ್ಮ ಬಿಜಾಪುರಕ್ಕೆ ಬಂದರು. ಅಂದಿನಿಂದ ಈ ಸೀಮೆಯಲ್ಲಿ ಕನ್ನಡದಲ್ಲೇ ಪ್ರಾರ್ಥನೆ ನಡೆದುಬಂದಿದೆ. ಇನ್ನು ಮಾರ್ಚಿಯ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. 1927ರಿಂದ ನಾನಾ ದೇಶಗಳ ಕ್ರೈಸ್ತ ಮಹಿಳೆಯರು ಇದನ್ನು ಆಚರಿಸುತ್ತ ಬಂದಿದ್ದಾರೆ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಆರಾಧನೆಯ ಕ್ರಮ ಬರೆಯುತ್ತಾರೆ. 2025ರಲ್ಲಿ ಕುಕ್ ದ್ವೀಪಗಳವರು ಬರೆದರು. ಎಲ್ಲಿಯ ಕಡಲ ನಡುವಿನ ದ್ವೀಪ, ಎಲ್ಲಿಯ ನಮ್ಮ ಬಿಸಿಲೂರು! ಕಷ್ಟ ಮಾತ್ರ ಒಂದೇ.

ಹೊಸದಾಗಿ ಆರಂಭಿಸುವವರಿಗೆ ಒಂದೆರಡು ಸೂಚನೆ:

ಹೊತ್ತು ಗೊತ್ತುಮಾಡಿಕೊಳ್ಳಿ. ಒಲೆ ಹಚ್ಚುವ ಮುಂಚಿನ ಐದು ನಿಮಿಷ ಸಾಕು.

ಮೊದಲು ಉಪಕಾರ ಸ್ಮರಿಸಿ, ಆಮೇಲೆ ಬೇಡಿ.

ನಿಮಗೆ ಆಗದವರ ಹೆಸರನ್ನೂ ಒಂದು ಸಲ ಹೇಳಿ. ಕಷ್ಟವೇ, ಆದರೆ ಹೇಳಿ.

ಜ್ವರ ಬಂದರೆ ಪ್ರಾರ್ಥಿಸಿ, ಡಾಕ್ಟರ ಹತ್ತಿರವೂ ಹೋಗಿ. ಒಂದು ಮಾಡಿ ಇನ್ನೊಂದು ಬಿಡಬೇಡಿ.

ಬೇಡಿದ್ದೆಲ್ಲ ಸಿಗುತ್ತದೆಂದು ನಾನು ಹೇಳಲಾರೆ. ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿ ಬೇಡಿದ ಪಾತ್ರೆಯೂ ದೂರ ಹೋಗಲಿಲ್ಲ. ಆದರೆ ಆತನು ಎದ್ದು ಮುಂದೆ ನಡೆದನು. ಹಾಗೆ ಎದ್ದು ನಡೆಯುವ ಬಲ ನಮಗೂ ಬೇಕಲ್ಲವೇ, ಸೋದರಿಯರೇ? ನಾಳೆ ಬೆಳಿಗ್ಗೆಯೇ ಐದು ನಿಮಿಷ ತೆಗೆದಿಟ್ಟು ನೋಡಿ.